20 ಬ್ರಿಕ್ಸ್ ಕಬ್ಬಿನ ಹಾಲು, ಲೀಟರಿಗೆ ಎಷ್ಟು ಸಕ್ಕರೆ?

ದ್ವಿತೀಯ ಪಿಯು ಮಕ್ಕಳಿಗೆ ಸಿಇಟಿ, ನೀಟ್ ಹೆಸರಿನಲ್ಲಿ ನಾವು ಉರು ಹೊಡೆಸುವ ಒಂದು ಸೂತ್ರದ ಮೇಲೆ ನನಗೆ ಹಳೆಯ ಸಿಟ್ಟಿದೆ. ತೂಕದ ಶೇಕಡಾ ಪ್ರಮಾಣವನ್ನು ಸಾಂದ್ರತೆಯಿಂದ (ಒಂದು ಮಿಲಿಲೀಟರ್ ಎಷ್ಟು ಗ್ರಾಂ ತೂಗುತ್ತದೆ ಎಂಬುದು) ಗುಣಿಸಿ, ಮತ್ತೆ ಹತ್ತರಿಂದ ಗುಣಿಸಿ, ಮೋಲಾರ್ ರಾಶಿಯಿಂದ (ಒಂದು ಮೋಲ್, ಅಂದರೆ ಕಣಗಳ ಒಂದು ನಿಗದಿತ ಎಣಿಕೆ, ಎಷ್ಟು ಗ್ರಾಂ ತೂಗುತ್ತದೆ ಎಂಬುದು) ಭಾಗಿಸಿದರೆ ಮೋಲಾರಿಟಿ, ಅಂದರೆ ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಎಂಬುದು, ಸಿಗುತ್ತದೆ. ಸೂತ್ರದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹತ್ತು ಎಲ್ಲಿಂದ ಬಂತು ಎಂದು ಕೇಳಿ ನೋಡಿ, ತೊಂಬತ್ತು ಅಂಕ ತೆಗೆಯುವವರೂ ತಲೆ ಕೆರೆದುಕೊಳ್ಳುತ್ತಾರೆ. ಲೀಟರಿಗೆ 1000 ಮಿಲಿಲೀಟರ್, ಶೇಕಡಾ ಎಂದರೆ 100. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಹತ್ತು. ಅಷ್ಟೇ.

ಮಂಡ್ಯದಲ್ಲಿ ಪಾಠ ಮಾಡುವವರಿಗೆ ಉದಾಹರಣೆಗೆ ಬರವೇ? ನನ್ನ ತರಗತಿಯ ಎಷ್ಟೋ ಮಕ್ಕಳ ಮನೆಯಲ್ಲಿ ಕಬ್ಬಿದೆ, ಬ್ರಿಕ್ಸ್ ಎಂಬುದು ಅವರ ಕಿವಿಗೆ ಬಿದ್ದ ಮಾತೇ. 20 ಬ್ರಿಕ್ಸ್ ಎಂದರೆ 100 ಗ್ರಾಂ ದ್ರಾವಣದಲ್ಲಿ 20 ಗ್ರಾಂ ಸಕ್ಕರೆ. (ನಿಜವಾದ ಕಬ್ಬಿನ ಹಾಲಿನಲ್ಲಿ ಸಕ್ಕರೆಯಲ್ಲದ ಕರಗಿದ ವಸ್ತುಗಳೂ ಬ್ರಿಕ್ಸ್ ಲೆಕ್ಕಕ್ಕೆ ಸೇರುತ್ತವೆ. ಅದಕ್ಕೇ ಕಾರ್ಖಾನೆಯಲ್ಲಿ ಸಕ್ಕರೆಯನ್ನಷ್ಟೇ ಅಂದಾಜಿಸಲು ಪೋಲ್ ಎಂದು ಇನ್ನೊಂದನ್ನು ಅಳೆಯುತ್ತಾರೆ. ಇಲ್ಲಿ ಬರೀ ಸಕ್ಕರೆ ನೀರು ಎಂದಿಟ್ಟುಕೊಳ್ಳೋಣ.) ಹಾಗಾದರೆ ಒಂದು ಲೀಟರಿನಲ್ಲಿ ಸಕ್ಕರೆ ಎಷ್ಟು ಎಂದರೆ ಇಡೀ ತರಗತಿ ಒಕ್ಕೊರಲಿನಿಂದ "ಇನ್ನೂರು ಗ್ರಾಂ ಸಾರ್" ಎನ್ನುತ್ತದೆ.

ಅಲ್ಲ. ಆ ದ್ರಾವಣದ ಒಂದು ಲೀಟರ್ ತೂಗುವುದು ಸುಮಾರು 1081 ಗ್ರಾಂ. ಅದರ ಶೇ 20 ಎಂದರೆ 216 ಗ್ರಾಂ. ಸಕ್ಕರೆಯ ಮೋಲಾರ್ ರಾಶಿ 342, ಆದ್ದರಿಂದ ಮೋಲಾರಿಟಿ 0.63. ಇನ್ನು ಮೋಲಾಲಿಟಿಗೆ, ಅಂದರೆ ಕಿಲೋ ನೀರಿಗೆ ಎಷ್ಟು ಮೋಲ್ ಎಂಬ ಲೆಕ್ಕಕ್ಕೆ, ದ್ರಾವಣವನ್ನು ಬಿಟ್ಟು ನೀರನ್ನಷ್ಟೇ ತೂಗಬೇಕು. ಒಂದು ಕಿಲೋ ದ್ರಾವಣದಲ್ಲಿ 800 ಗ್ರಾಂ ನೀರಿಗೆ 200 ಗ್ರಾಂ ಸಕ್ಕರೆ ಇದ್ದರೆ ಕಿಲೋ ನೀರಿಗೆ 250 ಗ್ರಾಂ, ಅಂದರೆ 0.73. ಪಾತ್ರೆ ಒಂದೇ, ಸಕ್ಕರೆಯೂ ಅದೇ. ಬದಲಾದದ್ದು ಛೇದ ಮಾತ್ರ. ಬಿಸಿಲಿಗೆ ದ್ರಾವಣ ಹಿಗ್ಗಿದರೆ ಮೋಲಾರಿಟಿ ಇಳಿಯುತ್ತದೆ, ಮೋಲಾಲಿಟಿ ಕದಲುವುದಿಲ್ಲ. ಏಕೆಂದು ಈಗ ಯಾರೂ ಹೇಳಿಕೊಡಬೇಕಾಗಿಲ್ಲ.

ಇದು ಪರೀಕ್ಷೆಗಷ್ಟೇ ಸೀಮಿತವಾದ ವಿಷಯವೂ ಅಲ್ಲ. ಕೊಳವೆಬಾವಿ ನೀರಿನ ವರದಿಯಲ್ಲಿ "ನೈಟ್ರೇಟ್ 30" ಎಂದಿದೆ ಎನ್ನಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಅಮೆರಿಕದ ಮಿತಿ 10. ಅವರದು ನಮ್ಮದಕ್ಕಿಂತ ನಾಲ್ಕೂವರೆ ಪಟ್ಟು ಬಿಗಿ ಎಂದು ಗಾಬರಿಯಾಗಬೇಡಿ. ಅವರು ನೈಟ್ರೇಟಿನೊಳಗಿನ ಸಾರಜನಕವನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ನೈಟ್ರೇಟಿನ 62 ಭಾಗದಲ್ಲಿ ಸಾರಜನಕ 14 ಭಾಗ. 45ನ್ನು ಹಾಗೆ ಇಳಿಸಿದರೆ ಹತ್ತಿರ ಹತ್ತಿರ 10. ಎರಡೂ ಒಂದೇ ಮಿತಿ. ಆದರೆ ವರದಿಯ ಆ 30 ಸಾರಜನಕದ ಲೆಕ್ಕವಾಗಿದ್ದರೆ ನೈಟ್ರೇಟ್ 133 ಆಯಿತು, ನೀರು ಕುಡಿಯಲು ಯೋಗ್ಯವಲ್ಲ. ಯಾವುದರ ಲೆಕ್ಕ ಎಂದು ಬರೆಯದ ವರದಿಯನ್ನು ನಾನಾದರೆ ವಾಪಸ್ ಕಳಿಸುತ್ತೇನೆ.

ಪಿಪಿಎಂ (ತೂಕದಲ್ಲಿ ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಎಂಬುದು) ಮತ್ತು ಲೀಟರಿಗೆ ಮಿಲಿಗ್ರಾಂ ಎರಡೂ ಒಂದೇ ಎಂದು ಕಣ್ಣು ಮುಚ್ಚಿ ಬರೆಸುವುದೂ ಇದೇ ಜಾತಿಯ ಸೋಮಾರಿತನ. ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕಿಲೋ ತೂಗುವುದರಿಂದ ಕುಡಿಯುವ ನೀರಿಗೆ ಆ ಮಾತು ನಡೆಯುತ್ತದೆ. ಸಮುದ್ರದ ನೀರಿಗೇ ಸ್ವಲ್ಪ ತಪ್ಪುತ್ತದೆ, ಕಾಕಂಬಿಗೆ ಪೂರ್ತಿ ತಪ್ಪುತ್ತದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಬೇಕೆಂದೇ ಸಾಂದ್ರತೆ ಕೊಡದೆ ಬಿಡಿ. "ಸಾರ್, ಸಾಂದ್ರತೆ ಕೊಟ್ಟಿಲ್ಲ" ಎಂದು ಎದ್ದು ನಿಂತವರಿಗೆ ಪೂರ್ಣ ಅಂಕ ಕೊಡಿ. ಪಠ್ಯ ಮುಗಿಸಲೇ ಸಮಯವಿಲ್ಲ ಎನ್ನುವ ಸಹೋದ್ಯೋಗಿಗಳೇ, ಮೇಲಿನ ಕಬ್ಬಿನ ಹಾಲಿನ ಲೆಕ್ಕಕ್ಕೆ ಒಂದು ಪೀರಿಯಡ್ ಕೂಡ ಬೇಕಾಗಿಲ್ಲ.