ಟೆಸ್ಟ್‌ಗಳ ವೇಗ ಮತ್ತು ಇಂಪೋರ್ಟ್ ಸಾಲುಗಳು

ವೆಬ್ ಅಪ್ಲಿಕೇಶನ್ನಿನ ಟೆಸ್ಟ್‌ಗಳು ನಿಧಾನವಾದ ಕೂಡಲೇ ಇನ್ನಷ್ಟು ಶಕ್ತಿಶಾಲಿ ಯಂತ್ರ, ಟೆಸ್ಟ್‌ಗಳನ್ನು ಏಕಕಾಲಕ್ಕೆ ಓಡಿಸುವ ಇನ್ನಷ್ಟು ವರ್ಕರ್‌ಗಳು ಬೇಕೆಂಬ ಬೇಡಿಕೆ ಏಳುತ್ತದೆ. ಅದಕ್ಕೂ ಮೊದಲು ಫೈಲಿನ ತಲೆಯಲ್ಲಿರುವ, ಬೇರೆ ಫೈಲುಗಳ ಕೋಡನ್ನು ತರಿಸಿಕೊಳ್ಳುವ ಇಂಪೋರ್ಟ್ ಸಾಲುಗಳನ್ನು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಾವಾಸ್ಕ್ರಿಪ್ಟ್ ಟೆಸ್ಟ್‌ಗಳನ್ನು ಓಡಿಸುವ ಸಾಧನವಾದ ಜೆಸ್ಟ್ ಪ್ರತಿಯೊಂದು ಟೆಸ್ಟ್ ಫೈಲಿಗೂ ಪ್ರತ್ಯೇಕ ಮಾಡ್ಯೂಲ್ ರಿಜಿಸ್ಟ್ರಿಯನ್ನು, ಅಂದರೆ ಲೋಡ್ ಆದ ಕೋಡ್ ಫೈಲುಗಳ ಪಟ್ಟಿಯನ್ನು, ಕೊಡುತ್ತದೆ. ಓಡಿಸಲು ತಕ್ಕಂತೆ ಪರಿವರ್ತನೆಗೊಂಡ ಕೋಡ್ ಹಿಂದೆ ಉಳಿಸಿಟ್ಟ ಕ್ಯಾಶ್‌ನಲ್ಲಿ ಸಿಕ್ಕರೂ ಅದನ್ನು ಪ್ರತಿ ಫೈಲಿಗೂ ಹೊಸದಾಗಿ ಓಡಿಸಲೇಬೇಕು. ಹೀಗಾಗಿ ಯಾವ ವಿಳಾಸಕ್ಕೆ ಯಾವ ಪುಟವೆಂದು ನಿರ್ಧರಿಸುವ ರೂಟರ್ ಎಲ್ಲ ಪುಟಗಳನ್ನೂ ನೇರವಾಗಿ ಇಂಪೋರ್ಟ್ ಮಾಡಿಕೊಂಡಿದ್ದರೆ, ಅದರ ಮೂಲಕ ಲಾಗಿನ್ ಪುಟವೊಂದನ್ನೇ ಪರೀಕ್ಷಿಸುವ ಟೆಸ್ಟ್ ಕೂಡ ಚಾರ್ಟ್ ಲೈಬ್ರರಿ, ನಕ್ಷೆ, ಟೆಕ್ಸ್ಟ್ ಎಡಿಟರ್ ಎಲ್ಲವನ್ನೂ ಹೊತ್ತುಕೊಂಡೇ ಹೊರಡುತ್ತದೆ. ಎಲ್ಲವನ್ನೂ ಒಂದೇ ಕಡೆಯಿಂದ ಮರುರಫ್ತು ಮಾಡುವ ಬ್ಯಾರೆಲ್ ಫೈಲ್‌ಗಳಿದ್ದರೆ ಹೊರೆ ಇನ್ನೂ ಹೆಚ್ಚು. ವರದಿಯಲ್ಲಿ ಒಂದೊಂದು ಟೆಸ್ಟಿನ ಮುಂದೆ ಕೆಲವೇ ಮಿಲಿಸೆಕೆಂಡು ಕಾಣಿಸಿ, ಇಡೀ ಫೈಲಿಗೆ ಹಲವು ಸೆಕೆಂಡು ಹಿಡಿದಿದ್ದರೆ ಕಾರಣ ಬಹುಪಾಲು ಇದೇ.

ಇದಕ್ಕೆ ಪರಿಹಾರವಾಗಿ, ಭಾರವಾದ ಕಾಂಪೊನೆಂಟ್‌ಗಳನ್ನು (ಪುಟದ ಬಿಡಿಭಾಗಗಳನ್ನು) ಬೇಕಾದಾಗ ಮಾತ್ರ ಲೋಡ್ ಮಾಡುವ ಸೌಲಭ್ಯ ವೆಬ್ ಪುಟಗಳನ್ನು ಕಟ್ಟುವ ರಿಯಾಕ್ಟ್ ಲೈಬ್ರರಿಯಲ್ಲಿ 2018ರಿಂದಲೇ, ಅಂದರೆ 16.6ನೇ ಆವೃತ್ತಿಯ ಲೇಜಿ ಮತ್ತು ಸಸ್ಪೆನ್ಸ್‌ಗಳ ರೂಪದಲ್ಲಿ ಇದೆ. ಇಂಥದ್ದೇ ಸಾಧನಗಳಾದ ವ್ಯೂ ಮತ್ತು ಆಂಗ್ಯುಲರ್‌ಗಳಲ್ಲೂ ಇದಕ್ಕೆ ಸಮನಾದ ದಾರಿಗಳಿವೆ. ಭಾರವಾದ ಮಾಡ್ಯೂಲನ್ನು ಮಾಕ್ ಮಾಡಿದರೂ, ಅಂದರೆ ಅದರ ಜಾಗದಲ್ಲಿ ನಕಲಿಯನ್ನಿಟ್ಟರೂ, ಟೆಸ್ಟ್ ವೇಗವಾಗುತ್ತದೆ, ನಿಜ. ಆದರೆ ಆ ಲಾಭ ಟೆಸ್ಟಿಗಷ್ಟೇ ಸೀಮಿತ. ಲೋಡಿಂಗನ್ನು ಮುಂದೂಡಿದರೆ ಬಳಕೆದಾರರ ಬ್ರೌಸರ್ ಮೊದಲಿಗೇ ಇಳಿಸಿಕೊಳ್ಳಬೇಕಾದ ಕೋಡಿನ ಕಟ್ಟು (ಬಂಡಲ್) ಕೂಡ ಚಿಕ್ಕದಾಗುತ್ತದೆ. ಈ ಕಾರಣಕ್ಕೇ ನಾನು ಇದರ ಪರವಾಗಿದ್ದೇನೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಲೇಜಿ ಕಾಂಪೊನೆಂಟ್ ಮೊದಲ ರೆಂಡರ್‌ನಲ್ಲಿ ಪರದೆಯ ಮೇಲಿರುವುದಿಲ್ಲವಾದ್ದರಿಂದ, ಪರದೆಯ ಅಂಶಗಳನ್ನು ಹುಡುಕಿಕೊಡುವ ಟೆಸ್ಟಿಂಗ್ ಲೈಬ್ರರಿಯಲ್ಲಿ, ತಕ್ಷಣವೇ ಹುಡುಕುವ ಗೆಟ್‌ಬೈ ಬದಲು ಕಾಯುವ ಗುಣವುಳ್ಳ ಫೈಂಡ್‌ಬೈ ಬಳಸಬೇಕಾಗುತ್ತದೆ. ಫೈಂಡ್‌ಬೈ ಸಾಮಾನ್ಯವಾಗಿ 1000 ಮಿಲಿಸೆಕೆಂಡು ಮಾತ್ರ ಕಾಯುತ್ತದೆ. ಕೋಡ್ ಬದಲಾದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ, ಕ್ಯಾಶ್ ಖಾಲಿಯಿರುವ ಸಿಐ ಯಂತ್ರದಲ್ಲಿ ಮೊದಲ ಲೋಡಿಂಗಿಗೆ ಅಷ್ಟು ಸಮಯ ಸಾಲದೆ, ನಮ್ಮ ಯಂತ್ರದಲ್ಲಿ ಗೆದ್ದ ಟೆಸ್ಟ್ ಅಲ್ಲಿ ಸೋಲಬಹುದು. ಆಗ ಕಾಯುವ ಅವಧಿಯನ್ನು ಎಲ್ಲೆಡೆ ಹಿಗ್ಗಿಸುವುದು ಸರಿಯಲ್ಲ, ಏಕೆಂದರೆ ನಿಜವಾದ ದೋಷಗಳೂ ಆಗ ತಡವಾಗಿ ಬಯಲಾಗುತ್ತವೆ. ಆ ಪುಟವನ್ನೇ ಪರೀಕ್ಷಿಸುವ ಫೈಲಿನಲ್ಲಿ ಮಾತ್ರ, ಟೆಸ್ಟ್‌ಗಳು ಆರಂಭವಾಗುವ ಮುನ್ನವೇ ಕಾಂಪೊನೆಂಟನ್ನು ಡೈನಾಮಿಕ್ ಇಂಪೋರ್ಟ್ (ಕೋಡ್ ಓಡುವಾಗಲೇ ತರಿಸಿಕೊಳ್ಳುವ ವಿಧಾನ) ಮೂಲಕ ತರಿಸಿಕೊಳ್ಳುವುದು ಒಳ್ಳೆಯದು.

ಹಾಗೆಂದು ಕಂಡದ್ದನ್ನೆಲ್ಲ ಲೇಜಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಬಟನ್, ಇನ್‌ಪುಟ್‌ನಂಥ ಚಿಕ್ಕ ಕಾಂಪೊನೆಂಟ್‌ಗಳನ್ನು ಮುಂದೂಡಿದರೆ ಉಳಿಯುವ ಸಮಯ ಅತ್ಯಲ್ಪ, ಅವುಗಳ ಪ್ರತಿ ಟೆಸ್ಟಿಗೂ ಕಾಯುವ ಗೊಂದಲ ಮಾತ್ರ ಅಂಟಿಕೊಳ್ಳುತ್ತದೆ. ರೂಟ್‌ಗಳ ಗಡಿಯಲ್ಲಿ, ಅಂದರೆ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಲ್ಲಿ, ಮತ್ತು ದೊಡ್ಡ ಲೈಬ್ರರಿಯನ್ನು ಎಳೆದು ತರುವ ಡೈಲಾಗ್ ಅಥವಾ ಟ್ಯಾಬ್‌ಗಳಲ್ಲಿ ಲೇಜಿ ಮಾಡಿದರೆ ಸಾಕು.