ಆಫೀಸು ಎಲೆಕ್ಟ್ರಾನಿಕ್ ಸಿಟಿಗೆ ಹೋದರೆ ಪಾರ್ಕಿಂಗ್ ಕಡಿಮೆ ಮಾಡಬೇಕಾ?

ಪರ

ಖಂಡಿತ ಮಾಡಬೇಕು. ಬೆಂಗಳೂರಿನ ಎಂ.ಜಿ. ರಸ್ತೆಯ ಕಂಪನಿಯೊಂದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಿದೆ ಅಂದುಕೊಳ್ಳಿ. ಹೇಗೂ ಎಲ್ಲರೂ ಹೊಸ ದಾರಿ ಹುಡುಕಲೇಬೇಕು. ಮೊದಲ ವಾರವೇ ಕಾರಿಗೆ ಜಾಗ ಸಿಕ್ಕಿಬಿಟ್ಟರೆ ಆಮೇಲೆ ಯಾರು ಮೆಟ್ರೊ ಹತ್ತುತ್ತಾರೆ? 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಶುರುವಾಗಿದೆ. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರದವರೆಗೆ ಸುಮಾರು 19 ಕಿಲೋಮೀಟರ್, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳದೆ ಹೋಗಬಹುದು. ಮಲ್ಲೇಶ್ವರ, ಬನಶಂಕರಿ ಕಡೆಯವರು ಹಸಿರು ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಆಯಿತು.

ಆದರೆ ಸುಮ್ನೆ ‘ಮೆಟ್ರೊದಲ್ಲಿ ಬನ್ನಿ’ ಅಂತ ಮೇಲ್ ಕಳಿಸಿದರೆ ಸಾಲದು. ಪಾರ್ಕಿಂಗ್‌ಗೆ ಸುರಿಯುವ ದುಡ್ಡಿನಲ್ಲಿ ಮೆಟ್ರೊ ಕಾರ್ಡ್ ತುಂಬಿಸಲಿ, ಸ್ಟೇಷನ್ನಿಂದ ಗೇಟಿನವರೆಗೆ ಗಾಡಿ ಬಿಡಲಿ, ಸೈಕಲ್ಲಿನಲ್ಲಿ ಬರುವವರಿಗೆ ಸ್ನಾನಕ್ಕೆ ಜಾಗ ಮಾಡಲಿ. ಇದೆಲ್ಲ ಕಟ್ಟಡ ನೋಡುವಾಗಲೇ ಆಗಬೇಕು. ಸ್ಥಳ ಬದಲಾವಣೆ ಆರು ತಿಂಗಳು ಮುಂಚೆ ಗೊತ್ತಾದರೆ ಬಾಡಿಗೆ ಮನೆಯವರು ಮೆಟ್ರೊ ಹತ್ತಿರವೇ ಮನೆ ಹುಡುಕಬಹುದು, ಅಲ್ವಾ?

ವಿರೋಧ

ಆಫೀಸು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸಿದ್ದು ಕಂಪನಿ, ತೊಂದರೆ ಮಾತ್ರ ನೌಕರರಿಗೆ. ಮಕ್ಕಳ ಶಾಲೆ, ವಯಸ್ಸಾದ ಅಪ್ಪ ಅಮ್ಮ, ಮನೆ ಮಾಲೀಕರ ಕೈಯಲ್ಲಿರುವ ಅಡ್ವಾನ್ಸ್, ಇದನ್ನೆಲ್ಲ ಬಿಟ್ಟು ಮೆಟ್ರೊ ಪಕ್ಕದಲ್ಲಿ ಮನೆ ಮಾಡಿ ಅನ್ನುವುದು ಸುಲಭವಾ? ಅದೂ ಮೆಟ್ರೊ ಬಂದ ಕಡೆಯೆಲ್ಲ ಬಾಡಿಗೆ ಏರುತ್ತಿರುವಾಗ.

ಸರ್ಜಾಪುರದಲ್ಲಿ ಇರುವವರನ್ನೇ ನೋಡಿ. ಅವರಿಗೆ ಎಲೆಕ್ಟ್ರಾನಿಕ್ ಸಿಟಿ ದೂರವೇನಲ್ಲ, ಚಂದಾಪುರದ ಮೇಲೆ ಸ್ಕೂಟರಿನಲ್ಲಿ ಬಂದುಬಿಡಬಹುದು. ಆದರೆ ಅವರೂರಿಗೆ ಮೆಟ್ರೊ ಇಲ್ಲ. ಕಾರನ್ನು ತಡೆಯಲು ಮಾಡಿದ ನಿಯಮ ಮೊದಲು ಹೊಡೆಯುವುದು ಇಂಥ ಸ್ಕೂಟರಿನವರಿಗೇ. ಮ್ಯಾನೇಜರ್‌ಗಳ ಕಾರಿಗೆ ಹೇಗೂ ನೆಲಮಾಳಿಗೆಯಲ್ಲಿ ಜಾಗ ಉಳಿದಿರುತ್ತದೆ. ಇದು ನನಗೆ ತುಂಬ ಬೇಸರ ತರಿಸುವ ಸಂಗತಿ.

ಖರ್ಚೂ ಕಡಿಮೆಯಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ತುಂಬ ದೂರದಿಂದ ಬರುವವರು ಹೋಗಲೂ ಬರಲೂ ಅಷ್ಟು ಕೊಟ್ಟು, ಮೇಲೆ ಆಟೊಗೂ ಕೊಡಬೇಕು. ಮನೆಗೆಲಸ ಮುಗಿಸಿ, ಮಗುವನ್ನು ಶಾಲೆಗೆ ಬಿಟ್ಟು ಓಡಿಬರುವ ಹೆಂಗಸಿಗೆ ಬಸ್ಸು ಉಚಿತವಾಗಿದ್ದರೂ ಎರಡು ಕಡೆ ಬಸ್ ಬದಲಿಸುವಷ್ಟು ಹೊತ್ತು ಎಲ್ಲಿದೆ?

ನೌಕರರು ಯಾವ ಯಾವ ಬಡಾವಣೆಯಿಂದ ಬರುತ್ತಾರೆ ಅಂತ ಕಂಪನಿಯ ಕಡತದಲ್ಲೇ ಇದೆ. ಅದನ್ನು ತೆಗೆದು ಮೊದಲು ಬಸ್ ಬಿಡಲಿ. ಮನೆಯಿಂದ ಕೆಲಸ ಮಾಡುವ ದಿನಗಳನ್ನು ಜಾಸ್ತಿ ಮಾಡಲಿ. ಪಾರ್ಕಿಂಗ್‌ಗೆ ಕೈಹಾಕುವುದಾದರೆ ಮೇಲಿನವರ ಕಾರಿನಿಂದ ಶುರುಮಾಡಲಿ, ಸ್ಕೂಟರು ಕೊನೆಗೆ.