ಹಿಂದ್ಮುಂದೆ ಇಟ್ಟಿದ್ರಿ ಸಾರ್

ಮೊನ್ನೆ ನೀರಿನ ಫಿಲ್ಟರ್ ರಿಪೇರಿಗೆ ಒಬ್ಬ ಹುಡುಗ ಬಂದಿದ್ದ. ಕ್ಯಾಂಡಲ್ ಬದಲಾಯಿಸಿದ, ಚಹಾ ಕುಡಿದ. ನಾನು ಚಿಲ್ಲರೆ ಹುಡುಕಲು ಒಳಗೆ ಹೋಗಿ ಬರುವಷ್ಟರಲ್ಲಿ ಯಾರೂ ಹೇಳದ ಇನ್ನೊಂದು ಕೆಲಸವನ್ನೂ ಮುಗಿಸಿದ್ದ. ಹಾಲ್‌ನಲ್ಲಿದ್ದ ನನ್ನ ಎರಡೂ ಸ್ಪೀಕರ್ ತಿರುಗಿಸಿ ಇಟ್ಟಿದ್ದ. "ಹಿಂದ್ಮುಂದೆ ಇಟ್ಟಿದ್ರಿ ಸಾರ್, ಸರಿ ಮಾಡಿದೀನಿ" ಎಂದ. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ, ಅಷ್ಟು ಪುಣ್ಯ.

ಇವನೇ ಮೊದಲನೆಯವನಲ್ಲ. ಗ್ಯಾಸ್ ತಂದವನು ಹೇಳಿದ್ದಾನೆ. ಬೀಗರು ಹೇಳಿದ್ದಾರೆ. ಗೃಹಪ್ರವೇಶದ ಕಾರ್ಡ್ ಕೊಡಲು ಬಂದು, ಕೂರಲೂ ಪುರುಸೊತ್ತಿಲ್ಲದವರು ನಿಂತುಕೊಂಡೇ ಹೇಳಿ ಹೋಗಿದ್ದಾರೆ. ಬೋಸ್ 901 ಎಂಬ ಸ್ಪೀಕರ್ ಇಟ್ಟುಕೊಂಡವರ ಹಣೆಬರಹವೇ ಇದು. ಒಂದೊಂದು ಪೆಟ್ಟಿಗೆಯಲ್ಲಿ ಒಂಬತ್ತು ಸ್ಪೀಕರ್. ಒಂದು ನಮ್ಮ ಕಡೆ ನೋಡುತ್ತದೆ, ಎಂಟು ಗೋಡೆ ನೋಡುತ್ತವೆ. ಹಿಂದಿನ ಬಟ್ಟೆ ಹರಿದಿತ್ತೆಂದು ನಾನೇ ಕಿತ್ತು ಹಾಕಿದ್ದೇನೆ, ಹಾಗಾಗಿ ಎಂಟೂ ಬಟಾಬಯಲು. ಸಂಗೀತ ಕಛೇರಿಯ ಹಾಲ್‌ನಲ್ಲಿ ನಮ್ಮ ಕಿವಿಗೆ ಬೀಳುವುದು ಬಹುಪಾಲು ಗೋಡೆಗೆ ಬಡಿದು ಬಂದ ಸದ್ದೇ ಎಂದು ಅಮರ್ ಬೋಸ್ ಎಂಬ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೇಷ್ಟ್ರು 1968ರಲ್ಲಿ ಇದನ್ನು ಹೊರತಂದರು. ಈ ಮಾತನ್ನು ಸಿಲಿಂಡರ್ ಹೆಗಲ ಮೇಲಿಟ್ಟು ನಿಂತವನಿಗೆ ವಿವರಿಸಿ ನೋಡಿ.

ಒಂಬತ್ತೂ ಅಂಗೈ ಅಗಲದವು. ದಪ್ಪ ದನಿಗೆ ಒಂದು, ಸಣ್ಣ ದನಿಗೆ ಇನ್ನೊಂದು ಎಂಬ ಭೇದ ಇಲ್ಲ. ಅದಕ್ಕೇ ಜೊತೆಗೆ ಈಕ್ವಲೈಜರ್ ಅನ್ನುವ ಪುಟ್ಟ ಡಬ್ಬ ಕೊಟ್ಟಿದ್ದರು. ಕೆಳಗಿನ ಸ್ವರ, ಮೇಲಿನ ಸ್ವರ ಎರಡನ್ನೂ ಎತ್ತಿಕೊಡುವುದು ಅದರ ಕೆಲಸ. ನನ್ನ ಭಾವಮೈದ ಅಮೆರಿಕದಿಂದ ತಂದದ್ದಾದ್ದರಿಂದ ಆ ಡಬ್ಬಕ್ಕೆ 110 ವೋಲ್ಟೇ ಬೇಕು. ಅದಕ್ಕೊಂದು ಟ್ರಾನ್ಸ್‌ಫಾರ್ಮರ್, ಅದು ಗುಂಯ್ ಅನ್ನದಂತೆ ಕೆಳಗೊಂದು ಹಳೇ ಚಪ್ಪಲಿ. ಆಂಪ್ಲಿಫೈಯರ್‌ನಲ್ಲಿ ಟೇಪ್ ಮಾನಿಟರ್ ಬಟನ್ ಒತ್ತಿದ್ದರೆ ಮಾತ್ರ ಡಬ್ಬ ಕೆಲಸ ಮಾಡುತ್ತದೆ. ಧೂಳು ಒರೆಸುವಾಗ ಆ ಬಟನ್ ಹೊರಗೆ ಬಂತೋ, ಮುಗೀತು. ಹಾಡುವವರು ಮಡಿಕೆಯೊಳಗೆ ಮೂತಿ ಇಟ್ಟು ಹಾಡಿದ ಹಾಗೆ ಕೇಳುತ್ತದೆ. ಇಂಥ ಸ್ಪೀಕರ್‌ನಿಂದ ಒಳ್ಳೆ ಸೌಂಡ್ ತೆಗೆಯುವ ಗುಟ್ಟು ಒಂದಿದೆ, ಕೊನೆಗೆ ಹೇಳುತ್ತೇನೆ.

ಮಡಿಕೆ ಅಂದೆನಲ್ಲ. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಬೀದಿಯ ಕೊನೆಗೊಂದು ಕಟಿಂಗ್ ಶಾಪ್ ಇತ್ತು. ಕನ್ನಡಿಯ ಮೇಲೆ, ಸಿಂಬಿಯಲ್ಲಿ ಕೂತ ಒಂದು ಮಣ್ಣಿನ ಮಡಿಕೆ. ಅದರ ಬಾಯಿಗೆ ಸ್ಪೀಕರ್ ಮುಚ್ಚಿ, ವೈರನ್ನು ರೇಡಿಯೋಗೆ ಎಳೆದಿದ್ದ ಅಂಗಡಿಯವನು. ಭದ್ರಾವತಿ ಆಕಾಶವಾಣಿ ಹಾಕಿದರೆ ವಾರ್ತೆ ಓದುವವರಿಗೂ ಗುಡುಗಿನ ಗಂಟಲು. ಈ ಮಡಿಕೆ ಆರಿಸಲು ಅವನು ಸಂತೆಗೆ ಹೋಗುತ್ತಿದ್ದ ರೀತಿ ನೋಡಬೇಕಿತ್ತು. ಹೆಂಗಸರೆಲ್ಲ ಬೆರಳಲ್ಲಿ ತಟ್ಟಿ ನೋಡಿದರೆ ಇವನು ಮಡಿಕೆಯೊಳಗೆ ಮುಖ ಇಟ್ಟು ಕೆಳಗಿನ ಸ್ವರದಿಂದ ಮೇಲಕ್ಕೆ "ಹೂಂ" ಅನ್ನುತ್ತಾ ಹೋಗುತ್ತಿದ್ದ. ಯಾವುದೋ ಒಂದು ಸ್ವರಕ್ಕೆ ಮಡಿಕೆಯೇ ತಿರುಗಿ ಹೂಂಗುಟ್ಟುತ್ತಿತ್ತು. ಆ ಸ್ವರ ಹಿಡಿಸದಿದ್ದರೆ ಕೆಳಗಿಟ್ಟು ಇನ್ನೊಂದು. ಕುಂಬಾರಜ್ಜಿ ಒಮ್ಮೆ "ಎಂಜಲು ಮಾಡಿದ್ದೆಲ್ಲ ನೀನೇ ತಗಂಡ್ ಹೋಗಪ್ಪಾ" ಎಂದು ಏಳು ಮಡಿಕೆ ಅವನ ತಲೆಗೆ ಕಟ್ಟಿದಳು. ಏಳನ್ನೂ ಹೊತ್ತು ತಂದ. ಆರರಲ್ಲಿ ಅವನ ಹೆಂಡತಿ ಬೇಳೆಕಾಳು ತುಂಬಿದಳು.

ತೊಂದರೆ ಏನೆಂದರೆ ಮಡಿಕೆಗೆ ಬರುವುದು ಒಂದೇ ಸ್ವರ. ಯಾವ ಹಾಡು ಹಾಕಿದರೂ ತಬಲಾ ಅದೇ ಒಂದು ಸ್ವರದಲ್ಲಿ ದುಮ್ಮೆನ್ನುತ್ತಿತ್ತು. ಅದಕ್ಕೆ ಮದ್ದು ಸಿಕ್ಕಿದ್ದು ಗಿರಾಕಿಗಳ ತಲೆಯಲ್ಲೇ. ಪಾಳಿ ಮುಗಿಸಿ ಬರುವ ಮಿಲ್ಲಿನವರ ಕೂದಲಲ್ಲಿ ಅರಳೆ ಅಂಟಿರುತ್ತಿತ್ತು. ಅದನ್ನು ನೋಡಿಯೇ ಹೊಳೆಯಿತಂತೆ. ಒಂದು ಹಿಡಿ ಅರಳೆ ತರಿಸಿ ಮಡಿಕೆಯೊಳಗೆ ತುರುಕಿದ. ಗುಮ್ಮೆನ್ನುವುದು ಇಳಿಯಿತು. ಆದರೆ ಮಗ್ಗದ ಸದ್ದಿನಲ್ಲಿ ಕಿವಿ ಸವೆಸಿಕೊಂಡವರಿಗೆ ಸಣ್ಣ ದನಿಗಳೇ ಮೊದಲು ಕೈಬಿಡುವುದು. ಅವರು "ತಾಳ ಕೇಳ್ತಿಲ್ಲಲೇ" ಎಂದು ಬೈಯುತ್ತಿದ್ದರು. ಆಗ ಟ್ರೆಬಲ್ ಏರಿಸುತ್ತಿದ್ದ. ಅವರ ಹಿಂದೆ ಮೇಷ್ಟ್ರೊಬ್ಬರು ಬಂದು ಕೂತರೆ ಮತ್ತೆ ಇಳಿಸುತ್ತಿದ್ದ. ಗಡ್ಡಕ್ಕೆ ಸೋಪು ಹಚ್ಚಿ ನಿಲ್ಲಿಸಿ, ಸ್ಟೂಲ್ ಹತ್ತಿ, ಅರಳೆ ಒಂದು ಚಿಟಿಕೆ ತೆಗೆದು ಇಳಿದು ಬಂದದ್ದನ್ನು ನಾನೇ ನೋಡಿದ್ದೇನೆ. ಸೋಪು ಒಣಗಿ ಉರಿಯುತ್ತಿತ್ತು, ಯಾರೂ ಅಂಗಡಿ ಬದಲಾಯಿಸಲಿಲ್ಲ.

ಈಗ ನನ್ನ ಅಕ್ಕನ ಮಗ ಬರುತ್ತಾನೆ. ಮಂಡಕ್ಕಿ ಮಿರ್ಚಿ ತಿಂದ ಎಣ್ಣೆ ಕೈಯಲ್ಲೇ ಫೋನ್ ತೆಗೆದು "ಮಾಮ, ಇದರಲ್ಲೇ ಈಕ್ವಲೈಜರ್ ಇದೆ" ಅನ್ನುತ್ತಾನೆ. ಮಧ್ಯದ ಗೆರೆಗಳನ್ನೆಲ್ಲ ಕೆಳಗೆ ಎಳೆದು, ಎರಡು ತುದಿ ಮೇಲೆತ್ತಿ, ನಗುವ ಬಾಯಿ ಮಾಡಿಡುತ್ತಾನೆ. ಹಾಡುವವರ ದನಿ ಇರುವುದೇ ಆ ಮಧ್ಯದಲ್ಲಿ ಕಣೋ! ಸಾಲದ್ದಕ್ಕೆ ನನ್ನ ಡಬ್ಬ ಮೊದಲೇ ತುದಿಗಳನ್ನು ಎತ್ತಿರುತ್ತದೆ. ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು. 10 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರ್ ಹತ್ತು ಪಟ್ಟು ಪವರ್ ಸುರಿಯಬೇಕು, 20 ವ್ಯಾಟ್ ಕೇಳುತ್ತಿದ್ದ ಕಡೆ 200. ನನ್ನದು ಪಾಪ, ಡೊಳ್ಳು ಶುರುವಾದೊಡನೆ ಆಫ್ ಆಗುತ್ತದೆ. "ಹಳೇದಾಯ್ತು ಮಾಮ, ಸೌಂಡ್‌ಬಾರ್ ತಗೊಳ್ಳಿ" ಅನ್ನುತ್ತಾನೆ. ಅಕ್ಕನ ಮಗ ಎಂದು ಸುಮ್ಮನಿದ್ದೇನೆ.

ಗುಟ್ಟು ಹೇಳುತ್ತೇನೆ ಅಂದಿದ್ದೆ ಅಲ್ವಾ? ಗೋಡೆಯಿಂದ ಒಂದಡಿ ಮುಂದೆ ಇಡಬೇಕು, ಹಿಂದೆ ಪರದೆ ಇರಬಾರದು, ಇವೆಲ್ಲ ಪುಸ್ತಕದಲ್ಲೇ ಇವೆ. ಅಸಲು ಗುಟ್ಟು ಬೇರೆ. ಅದನ್ನು ಬರೆಯೋಣವೆಂದು ಕೂತಾಗಲೇ ಮನೆಯವಳು ಬೆಳಗಿನ ವಚನ ಹಾಕಿದಳು. ಸ್ಪೀಕರ್ ಇನ್ನೂ ಆ ಹುಡುಗ ತಿರುಗಿಸಿಟ್ಟ ಹಾಗೇ ಇತ್ತು, ಎಂಟೂ ನೇರ ಸೋಫಾದ ಕಡೆ.

"ಈಗ ಒಂದೊಂದು ಮಾತೂ ಕೇಳ್ತದೆ ನೋಡ್ರಿ" ಎಂದಳು. "ಇಷ್ಟು ವರ್ಷ ಯಾಕೆ ಗೋಡೆಗೆ ಕೇಳಿಸ್ತಿದ್ರಿ?"

ಒಂದೊಂದೂ 15 ಕೆ.ಜಿ. ಹತ್ತಿರ ತೂಗುತ್ತದೆ. ನನಗೆ ಸೊಂಟ ನೋವು ಬೇರೆ. ನಾಲ್ಕು ದಿನ ಆಯಿತು, ಇನ್ನೂ ತಿರುಗಿಸಿಲ್ಲ.